ಐದು ಮೆಟ್ಟಿಲು, ಇಪ್ಪತ್ತು ನಿಮಿಷ

ಪ್ರಶ್ನೆ: ನಾನು ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುತ್ತೇನೆ. ಕಟ್ಟಿಸಿದ ಕೆರೆಗೆ ನೀರು ಬರಲೆಂದು ಜೋಯಿಸರ ಮಾತಿನಂತೆ ಮಾವ ಕಿರಿಸೊಸೆ ಭಾಗೀರಥಿಯನ್ನು ಬಲಿಕೊಡುವ ‘ಕೆರೆಗೆ ಹಾರ’ ಕಥನಗೀತೆಯನ್ನು 13ರಿಂದ 16 ವಯಸ್ಸಿನ ಮಕ್ಕಳಿಗಾಗಿ ಕಾದಂಬರಿಯಾಗಿ ಬರೆಯುತ್ತಿದ್ದೇನೆ. ಪವಾಡ ಬೇಡ, ನಿಜವಾಗಿಯೂ ನಡೆದಿರಬಹುದು ಅನ್ನಿಸಬೇಕು ಎಂಬುದು ಆಸೆ. ಮಾವನನ್ನು ದುರಾಸೆಯವನನ್ನಾಗಿ, ಜೋಯಿಸರನ್ನು ಮೋಸಗಾರರನ್ನಾಗಿ ಮಾಡಿ ಆರು ಅಧ್ಯಾಯ ಬರೆದೆ. ಓದಿದ ಮಕ್ಕಳು ‘ಧಾರಾವಾಹಿ ಥರ ಇದೆ, ಮಿಸ್’ ಅಂದರು. ಈಗ ಕೆರೆಗೆ ನೀರು ಬರುವ ದೃಶ್ಯದಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ. ಅದನ್ನು ಹೇಗೆ ಬರೆಯಲಿ? ಹಾಡಿನಲ್ಲಿ ಏನನ್ನು ಉಳಿಸಲಿ, ಏನನ್ನು ಬಿಡಲಿ?

ಉತ್ತರ: ನೀರಿನಿಂದಲೇ ಶುರು ಮಾಡೋಣ. ಆ ದೃಶ್ಯದ ಲೆಕ್ಕ ಸರಿಹೋದರೆ ಮಾವ, ಜೋಯಿಸರ ಸಮಸ್ಯೆಯೂ ಅರ್ಧ ಬಗೆಹರಿಯುತ್ತದೆ.

ಹಾಡಿನಲ್ಲಿ ಭಾಗೀರಥಿ ಮರೆತುಬಂದ ಬಂಗಾರದ ಬಟ್ಟಲು ತರಲು ಕೆರೆಗೆ ಮರಳುತ್ತಾಳೆ. ಅವಳು ಒಂದೊಂದು ಮೆಟ್ಟಿಲು ಏರಿದ ಹಾಗೆ ಗಂಗೆಯೂ ಪಾದ, ಮೊಣಕಾಲು, ನಡು ಎಂದು ಏರುತ್ತಾಳೆ. ಐದನೆಯ ಮೆಟ್ಟಿಲಿಗೆ ಎಲ್ಲ ಮುಗಿಯುತ್ತದೆ. ಹಾಡಿಗೆ ಇದು ಸರಿ, ಕಾದಂಬರಿಗೆ ಲೆಕ್ಕ ಬೇಕು. ಬತ್ತಿದ ಕೆರೆಯ ಅಂಗಳದಲ್ಲಿ ಏರಿಗೆ ತಾಗಿದ ತಗ್ಗು ಒಂದೂಕಾಲು ಎಕರೆ, ಅಂದರೆ ಸುಮಾರು 5,000 ಚದರ ಮೀಟರ್ ಇದೆ ಎಂದುಕೊಳ್ಳಿ. ಮೇಲ್ಗಡೆ ಗುಡ್ಡದಲ್ಲಿ ಜೋರು ಮಳೆ ಬಿದ್ದು, ಹಳ್ಳ ಸೆಕೆಂಡಿಗೆ 5 ಘನ ಮೀಟರ್ ನೀರು ತರುತ್ತಿದೆ ಎಂದುಕೊಳ್ಳಿ. ಸಣ್ಣ ಹಳ್ಳಕ್ಕೆ ಇದು ದೊಡ್ಡ ಪ್ರವಾಹವೇ. ಆಗಲೂ ತಗ್ಗಿನಲ್ಲಿ ನೀರು ಏರುವುದು ನಿಮಿಷಕ್ಕೆ 6 ಸೆಂಟಿಮೀಟರ್ ಮಾತ್ರ. ಪಾದದಿಂದ ಎದೆಮಟ್ಟಕ್ಕೆ, ಅಂದರೆ 1.2 ಮೀಟರ್‌ಗೆ, ಇಪ್ಪತ್ತು ನಿಮಿಷ ಹಿಡಿಯುತ್ತದೆ. ಒಂದು ಗೇಣು ಎತ್ತರದ ಮೆಟ್ಟಿಲು ಮುಳುಗಲು ಮೂರೂವರೆ ನಿಮಿಷಕ್ಕೂ ಹೆಚ್ಚು ಬೇಕು. ಕಾಲಿನ ಶಕ್ತಿ ಇರುವ ಯಾವ ಹುಡುಗಿಯೂ ಆ ನೀರಿಗಿಂತ ಬೇಗ ಮೇಲೇರಬಲ್ಲಳು.

ಹಾಗಾದರೆ ಅವಳು ಏಕೆ ಏರಲಿಲ್ಲ? ನಿಮ್ಮ ಕಾದಂಬರಿ ಇರುವುದು ಈ ಪ್ರಶ್ನೆಯಲ್ಲಿ. ಪವಾಡವನ್ನು ತೆಗೆದುಬಿಟ್ಟರೆ ಆ ಜಾಗ ಖಾಲಿ ಉಳಿಯುವುದಿಲ್ಲ, ಯಾರದೋ ಹೊಣೆ ಅಲ್ಲಿ ಬಂದು ಕೂರುತ್ತದೆ. ನೈಜ ಕಾರಣ ಒಂದಿದೆ. ಹೊಸ ಕೆರೆಯ ಅಂಗಳದಲ್ಲಿ ಮಣ್ಣು ಅಗೆದ ಗುಂಡಿಗಳು ಇರುತ್ತವೆ, ಒಡೆದ ಜೇಡಿಮಣ್ಣು ಸಡಿಲವಾಗಿ ಬಿದ್ದಿರುತ್ತದೆ. ಒಂದು ಮೊಳ ನೀರು ನಿಂತರೆ ಸಾಕು, ಅದು ಕಾಲು ಹಿಡಿಯುವ ಕೆಸರಾಗುತ್ತದೆ. ಒಬ್ಬಳೇ ಇದ್ದರೆ ಕಿತ್ತುಕೊಂಡು ಬರುವುದು ಕಷ್ಟ, ಒಬ್ಬರು ಕೈ ಕೊಟ್ಟರೆ ಸುಲಭ. ಏರಿಯ ಆಚೆ ಮನೆಯವರ ಗಾಡಿ ಹೋಗುತ್ತಿದೆ. ಕೂಗು ಕೇಳುವಷ್ಟು ದೂರ. ಇಪ್ಪತ್ತು ನಿಮಿಷ. ಯಾರೂ ತಿರುಗಿ ನೋಡುವುದಿಲ್ಲ. ಇಷ್ಟಿದ್ದರೆ ಆಕೆಯನ್ನು ತಳ್ಳುವ ಖಳ ಬೇಕಿಲ್ಲ. ಮೂಲ ಹಾಡಿನಲ್ಲೂ ಯಾರೂ ಅವಳ ಮೈಮೇಲೆ ಕೈ ಹಾಕುವುದಿಲ್ಲ, ಮಕ್ಕಳಿಗೆ ಧಾರಾವಾಹಿಯಂತೆ ಕಂಡಿದ್ದಕ್ಕೆ ಕಾರಣ ಇದೇ. ಹಾಡಿನಲ್ಲಿ ದುಷ್ಟರಿಲ್ಲ, ನೀವು ಇಬ್ಬರನ್ನು ತಂದಿರಿ.

ಇನ್ನು ನೀರು ಸರಿಯಾಗಿ ಅಂದೇ ಏಕೆ ಬಂತು? ಕಾಕತಾಳೀಯ ಅಂದರೆ ಹದಿನಾಲ್ಕರ ಓದುಗ ಒಪ್ಪುವುದಿಲ್ಲ. ದಿನ ಗೊತ್ತುಮಾಡಿದವರಿಗೆ ಮಳೆಯ ಲೆಕ್ಕ ಗೊತ್ತಿತ್ತು ಎನ್ನಿ. ರಾಯಚೂರು ಸೀಮೆಯಲ್ಲಿ ಮುಂಗಾರಿನ ಮೊದಲ ಮಳೆಗಳು ಕೈಕೊಟ್ಟರೂ ಹುಬ್ಬೆ, ಉತ್ತರೆಯ ಹೊತ್ತಿಗೆ ಮೋಡ ಕಟ್ಟುವುದು ರೂಢಿ, ಸೆಪ್ಟೆಂಬರ್ ಅಲ್ಲಿ ಹೆಚ್ಚು ಮಳೆಯ ತಿಂಗಳು. ಹೊತ್ತಿಗೆ ನೋಡುವ ಜೋಯಿಸರು ಮೋಸಗಾರರಾಗಬೇಕಿಲ್ಲ. ಶಾಂತಿಗೆ ಉತ್ತರೆಯ ಎರಡನೆಯ ಪಾದವೇ ಶ್ರೇಷ್ಠ ಎಂದು ಅವರ ಅಜ್ಜ ಹೇಳಿದ್ದರು, ಅವರೂ ಹಾಗೇ ಹೇಳಿದರು. ಪದ್ಧತಿಯೊಳಗೇ ಮಳೆಯ ಅನುಭವ ಅಡಗಿದೆ, ಹೇಳುವವರಿಗೇ ಅದರ ಅರಿವಿಲ್ಲ. ತಾರೀಖು ಬರೆಯಬೇಡಿ, ಮಳೆಗಳನ್ನು ನಕ್ಷತ್ರದ ಹೆಸರಿನಿಂದಲೇ ಕರೆಯಿರಿ. ಆ ಕಾಲದ ಪಾತ್ರಗಳ ಬಾಯಲ್ಲಿ ‘ಜೂನ್’ ಬರುವುದು ಹೇಗೂ ಸಾಧ್ಯವಿಲ್ಲ.

ಕಾಲವನ್ನು ಖಚಿತವಾಗಿ ಆರಿಸಿಕೊಳ್ಳಿ. ‘ಬಹಳ ಹಿಂದೆ ಒಂದೂರಲ್ಲಿ’ ಎಂದರೆ ಜನಪದ ಕಥೆಯೇ ಆಗಿ ಉಳಿಯುತ್ತದೆ. ಹಾಡಿನಲ್ಲಿ ಗಂಡ ಮಾದೇವರಾಯ ದಂಡಿಗೆ ಹೋಗಿದ್ದಾನೆ, ಕೆರೆಗೆ ನೀರಿಲ್ಲ. ಬರವೂ ಯುದ್ಧವೂ ಕೂಡಿದ ಕಾಲ ಬೇಕೆಂದರೆ 1396ರ ನಂತರದ ವರ್ಷಗಳಿವೆ. ದಖ್ಖನ್ನಿನಲ್ಲಿ ಹನ್ನೆರಡು ವರ್ಷ ಕಾಡಿತೆಂದು ಪ್ರತೀತಿ ಇರುವ ದುರ್ಗಾದೇವಿ ಬರ ಆಗಿನದು. 1397ರಲ್ಲಿ ಪಟ್ಟಕ್ಕೆ ಬಂದ ಬಹಮನಿಯ ಫಿರೋಜ್ ಷಾನಿಗೂ ವಿಜಯನಗರಕ್ಕೂ ಕೃಷ್ಣಾ ತುಂಗಭದ್ರೆಯರ ನಡುವಿನ ಇದೇ ರಾಯಚೂರು ಸೀಮೆಗಾಗಿ ಕಾದಾಟ ನಡೆದದ್ದೂ ಆಗಲೇ. ಹಾಡಿನ ಕಲ್ಲನಕೇರಿಯನ್ನು ಇಂದಿನ ಯಾವುದಾದರೂ ಊರಿಗೆ ಗಂಟುಹಾಕುವ ಉಸಾಬರಿ ಬೇಡ. ಸೀಮೆ ಗುರುತಾದರೆ ಸಾಕು.

ಗಡಿಸೀಮೆಯನ್ನು ಹೇಳಲು ಇನ್ನೊಂದು ಕಾರಣವೂ ಇದೆ. ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿ 1369ರ ಸಂಸ್ಕೃತ ಶಾಸನವಿದೆ. ಬುಕ್ಕರಾಯನ ಮಗ ಭಾಸ್ಕರ, ಅಂದರೆ ಭವದೂರ, ಕಟ್ಟಿಸಿದ ಕೆರೆಯದು. ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ಕೆರೆಯ ಆರು ದೋಷಗಳನ್ನೂ ಅದು ಪಟ್ಟಿ ಮಾಡುತ್ತದೆ. ಏರಿಯಿಂದ ನೀರು ಜಿನುಗುವುದು, ಚೌಳು ನೆಲ, ಎರಡು ರಾಜ್ಯಗಳ ಗಡಿಯಲ್ಲಿರುವುದು, ಅಂಗಳದ ನಡುವೆ ಆಮೆಬೆನ್ನಿನಂಥ ದಿಬ್ಬ, ನೀರು ಕಡಿಮೆ ಇದ್ದು ಉಣಿಸಬೇಕಾದ ನೆಲ ಹೆಚ್ಚಾಗಿರುವುದು, ನೆಲ ಕಡಿಮೆ ಇದ್ದು ನೀರು ಹೆಚ್ಚಾಗಿರುವುದು. ಕೆರೆಗೆ ನೀರು ನಿಲ್ಲದಿರುವುದಕ್ಕೆ ಕಾರಣಗಳಿವೆ ಎಂದು ಭಾಗೀರಥಿಯ ಕಾಲದವರಿಗೇ ಗೊತ್ತಿತ್ತು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ? ಇಂದಿನ ವಿಜ್ಞಾನವನ್ನು ಅವರ ಬಾಯಿಗೆ ತುರುಕಬೇಕಿಲ್ಲ. ‘ಇದು ಮೂಢನಂಬಿಕೆ’ ಎಂದು ಭಾಷಣ ಮಾಡುವ ಪಾತ್ರ ನಿಮ್ಮ ಕರಡಿನಲ್ಲಿ ಇದ್ದರೆ ಕೂಡಲೇ ತೆಗೆಯಿರಿ. ಅದರ ಬದಲು ಏರಿ ಕಟ್ಟುವ ಒಡ್ಡ ಜನರಲ್ಲಿ ಒಬ್ಬ ಮುದುಕನಿಂದ ‘ಅಡಿಪಾಯದ ಮಣ್ಣು ಗಡುಸು ನೆಲಕ್ಕೆ ಮುಟ್ಟಿಲ್ಲ ಗೌಡ್ರ’ ಎಂದು ಮೊದಲ ಅಧ್ಯಾಯಗಳಲ್ಲೇ ಒಮ್ಮೆ ಹೇಳಿಸಿ, ಯಾರೂ ಕಿವಿಗೆ ಹಾಕಿಕೊಳ್ಳದಿರಲಿ.

ನಿಮ್ಮ ಕೆರೆಗೆ ದೋಷ ಒಂದೇ ಇರಲಿ. ಎರಡು ಮೂರು ಸೇರಿಸಿದರೆ ಓದುಗನಿಗೆ ಎಳೆ ತಪ್ಪುತ್ತದೆ. ಕಾದಂಬರಿಗೆ ಅತ್ಯುತ್ತಮವಾದದ್ದು ಏರಿಯ ಅಡಿಯ ಸೋರಿಕೆ. ಕಟ್ಟುವಾಗ ಮೇಲಿನ ಗರಸು ಪದರವನ್ನು ಪೂರ್ತಿ ತೆಗೆಯದೆ ಅದರ ಮೇಲೇ ಮಣ್ಣು ಹಾಕಿದ್ದಾರೆ, ನೀರು ಏರಿಯ ಕೆಳಗಿನಿಂದ ಹೊರಟುಹೋಗುತ್ತದೆ. ಏಕೆ ಹಾಗೆ ಅವಸರ ಮಾಡಿದರು ಎಂಬುದಕ್ಕೂ ಲೆಕ್ಕವಿದೆ. 200 ಮೀಟರ್ ಉದ್ದ, 5 ಮೀಟರ್ ಎತ್ತರ, ತಲೆಯಲ್ಲಿ 2 ಮೀಟರ್ ಅಗಲ, ಎರಡೂ ಕಡೆ ಎತ್ತರಕ್ಕೆ ಎರಡು ಪಟ್ಟು ಇಳಿಜಾರು ಇರುವ ಏರಿಗೆ ಹೆಚ್ಚೆಂದರೆ 12,000 ಘನ ಮೀಟರ್ ಮಣ್ಣು ಬೇಕು. ಅಗೆಯುವವನೊಬ್ಬ, ಹೊರುವವಳೊಬ್ಬಳು ಸೇರಿ ದಿನಕ್ಕೆ 2 ಘನ ಮೀಟರ್ ಹಾಕುತ್ತಾರೆ ಎಂದರೆ ನೂರು ಜೋಡಿಗೆ ಎರಡು ತಿಂಗಳು. ಅಡಿಪಾಯದ ಕಂದಕ ಅಗೆದು, ಜೇಡಿ ತಂದು ತುಂಬಿ, ಎಮ್ಮೆ ಎತ್ತುಗಳಿಂದ ತುಳಿಸಿದರೆ ಇನ್ನೊಂದು ತಿಂಗಳು. ಬರಗಾಲದಲ್ಲಿ ಇನ್ನೂರು ಜನಕ್ಕೆ ಒಂದು ತಿಂಗಳ ಜೋಳ ಎಲ್ಲಿಂದ ಬರಬೇಕು? ಹೋಲಿಕೆಗೆ ನೋಡಿ, ಪೋರುಮಾಮಿಳ್ಳದ ಕೆರೆಗೆ ದಿನಕ್ಕೆ ಸಾವಿರ ಆಳು, ಕಲ್ಲಿಗೆ ನೂರು ಗಾಡಿ, ಎರಡು ವರ್ಷ ಹಿಡಿಯಿತೆಂದು ಅದೇ ಶಾಸನ ಹೇಳುತ್ತದೆ. ಅದು ಅರಸುಮಗನ ಕೆರೆ. ಹಾಡಿನ ಮಾವ ಮಲ್ಲನಗೌಡ ಒಬ್ಬ ಊರಗೌಡ.

ಮಾವನಿಗೆ ದುರಾಸೆ ಬೇಡ, ಸಾಲ ಕೊಡಿ. ಕೆರೆ ಕಟ್ಟಿಸಿದವನಿಗೆ ಅಚ್ಚುಕಟ್ಟಿನಲ್ಲಿ ಕಟ್ಟುಕೊಡಗೆ ಭೂಮಿ ಸಿಗುವ ಪದ್ಧತಿ ಇತ್ತು. ಆ ಆಸರೆಯ ಮೇಲೆ ಅವನು ಕಾಳು ಕಡ ತಂದಿದ್ದಾನೆ, ಮಗನನ್ನು ದಂಡಿಗೆ ಕಳಿಸಿದ್ದಾನೆ. ನೀರು ನಿಲ್ಲದಿದ್ದರೆ ಕೊಡಗೆಯೂ ಇಲ್ಲ, ಊರೊಳಗೆ ತಲೆಯೆತ್ತುವಂತೆಯೂ ಇಲ್ಲ. ಸೊಸೆಯ ಮೇಲೆ ಅವನಿಗೆ ಪ್ರೀತಿಯೂ ಇರಲಿ. ಹಾಡಿನಲ್ಲಿ ಆಯ್ಕೆಯ ತರ್ಕ ಎಷ್ಟು ತಣ್ಣಗಿದೆ ಗಮನಿಸಿ. ಹಿರಿಸೊಸೆಯನ್ನು ಕೊಟ್ಟರೆ ಮನೆಯ ಹಿರಿತನಕ್ಕೆ ಯಾರೂ ಇಲ್ಲ, ಆದ್ದರಿಂದ ಕಿರಿಯವಳು. ಮನೆವಾರ್ತೆಯ ಮಾತಿನ ಧಾಟಿಯಲ್ಲೇ ಒಂದು ಜೀವ ತೀರ್ಮಾನವಾಗುತ್ತದೆ. ಬಾಲ್ಕನ್ ನಾಡುಗಳಲ್ಲಿ ಇಂಥದೇ ಹಾಡುಗಳಿವೆ. ಸ್ಕಾದರ್ ಕೋಟೆ ಕಟ್ಟಿದ ಬಗೆಗಿನ ಸೆರ್ಬಿಯನ್ ಹಾಡಿನಲ್ಲಿ ಮರುದಿನ ಊಟ ತರುವ ಹೆಂಡತಿಯನ್ನು ಗೋಡೆಗೆ ಕೊಡುವುದೆಂದು ಮೂವರು ಅಣ್ಣತಮ್ಮಂದಿರು ಆಣೆ ಮಾಡುತ್ತಾರೆ. ಇಬ್ಬರು ಹೆಂಡಂದಿರಿಗೆ ಗುಟ್ಟು ಹೇಳಿಬಿಡುತ್ತಾರೆ, ಆಣೆ ಉಳಿಸಿಕೊಂಡವನ ಹೆಂಡತಿ ಬರುತ್ತಾಳೆ. ಅಲ್ಲಿ ಮೋಸವಿದೆ. ನಮ್ಮ ಹಾಡಿನಲ್ಲಿ ಆ ಮೋಸವೂ ಇಲ್ಲ, ಎಲ್ಲ ನಡೆಯುವುದು ಪಡಸಾಲೆಯಲ್ಲಿ. ನನ್ನ ಅಭಿಪ್ರಾಯದಲ್ಲಿ ಇದೇ ಹೆಚ್ಚು ಭಯಂಕರ.

ಕಥೆ ಹೇಳುವವರು ಯಾರು? ಭಾಗೀರಥಿಯಿಂದ ಹೇಳಿಸಬೇಡಿ. ಕಥೆ ಮುಗಿಯುವ ಮೊದಲೇ ಅವಳು ಸಾಯುತ್ತಾಳೆ, ಸತ್ತ ಮೇಲೂ ಮಾತಾಡಿದರೆ ನೀವು ಹೊರಗೆ ಹಾಕಿದ ಪವಾಡ ಹಿಂಬಾಗಿಲಿನಿಂದ ಒಳಗೆ ಬರುತ್ತದೆ. ಹಾಡೇ ನಿಮಗೊಬ್ಬಳನ್ನು ಕೊಟ್ಟಿದೆ, ಗೆಳತಿಯನ್ನು. ಭಾಗೀರಥಿ ತವರಿಗೆ ಹೋಗಿ ‘ಬೇರೆ ಇಡುತ್ತಾರಂತೆ’ ಎಂದು ಸುಳ್ಳು ಹೇಳುತ್ತಾಳೆ. ನಿಜ ಹೇಳುವುದು ಗೆಳತಿಗೆ ಮಾತ್ರ. ಗೆಳತಿ ಕೊಟ್ಟ ಉತ್ತರ, ಕೊಟ್ಟರೆ ಕೊಡಲಿ, ಇಟ್ಟ ಹಾಗೆ ಇರಬೇಕು ಎಂಬ ಧಾಟಿಯದು. ಮುಂದೆ ಗಂಡ ಹುಡುಕಿಕೊಂಡು ಬಂದಾಗ ಮನೆಯವರು ತವರು ತೋರಿಸುತ್ತಾರೆ, ತವರಿನವರು ಗೆಳತಿಯ ಮನೆ ತೋರಿಸುತ್ತಾರೆ, ಅವನಿಗೆ ನಿಜ ಹೇಳುವವಳೂ ಇವಳೇ. ಮೊದಲೇ ಗೊತ್ತಿದ್ದವಳು, ಸುಮ್ಮನಿರು ಎಂದವಳು, ಕೊನೆಗೆ ಬಾಯಿಬಿಟ್ಟವಳು. ಹದಿನೈದು ವರ್ಷದ ನಿರೂಪಕಿಗೆ ಇದಕ್ಕಿಂತ ಭಾರ ಬೇಡ. ನಿಮ್ಮ ಓದುಗರಲ್ಲಿ ಗೆಳತಿಯ ಗುಟ್ಟೊಂದನ್ನು ಹೊಟ್ಟೆಯಲ್ಲಿಟ್ಟುಕೊಂಡು ಒದ್ದಾಡದವರು ಕಡಿಮೆ.

ಒಂದು ತೊಡಕು, ಗೆಳತಿ ಕೆರೆಯ ಬಳಿ ಇರಲಿಲ್ಲ. ಆ ಇಪ್ಪತ್ತು ನಿಮಿಷವನ್ನು ಅವಳು ಬೇರೆಯವರಿಂದ ಕೇಳಿ ಕೂಡಿಸಬೇಕು. ದನ ಕಾಯುವ ಹುಡುಗ ಕೂಗು ಕೇಳಿದ್ದಾನೆ. ಗಾಡಿ ಹೊಡೆದವನಿಗೆ ಎತ್ತು ಒಮ್ಮೆ ನಿಂತದ್ದು ನೆನಪಿದೆ. ಹಿರಿಯ ನೆಗೆಣ್ಣಿ ‘ಗಾಳಿ ಜೋರಿತ್ತು’ ಎನ್ನುತ್ತಾಳೆ. ತೂಬು ತೆಗೆದು ಗದ್ದೆಗೆ ನೀರು ಬಿಡುವ ನೀರುಗಂಟಿಗೆ ಅಂದು ಕೆರೆಯ ಕಡೆ ಬರಬೇಡ ಎಂದು ಅಪ್ಪಣೆಯಾಗಿತ್ತು. ಹಲವು ಊರುಗಳಲ್ಲಿ ಈ ಕೆಲಸ ದಲಿತ ಮನೆತನಗಳದ್ದು, ಅವನನ್ನು ಬರಿಯ ಸಾಕ್ಷಿಯಾಗಿ ನಿಲ್ಲಿಸಿ ಮರೆಯಬೇಡಿ. ತೂಬಿನ ಬಗ್ಗೆ ಊರಿನಲ್ಲಿ ಎಲ್ಲರಿಗಿಂತ ಹೆಚ್ಚು ತಿಳಿದವನು ಅವನು. ಸಾವನ್ನು ನೇರವಾಗಿ, ಉಸಿರು ಉಸಿರಾಗಿ ವರ್ಣಿಸುವ ಅಗತ್ಯ ಹೀಗೆ ತಪ್ಪುತ್ತದೆ. ಈ ವಯಸ್ಸಿನ ಓದುಗರಿಗೆ ಅದು ಒಳ್ಳೆಯದು, ಪರಿಣಾಮವೂ ಹೆಚ್ಚು.

ಹಾಡಿನ ಕೊನೆಯಲ್ಲಿ ಮಾದೇವರಾಯ ಕೆರೆಗೆ ಹಾರುತ್ತಾನೆ. ಇಲ್ಲಿ ಹಾಡಿನಿಂದ ಬೇರೆಯಾಗಿ ಎಂದೇ ಹೇಳುತ್ತೇನೆ. ಸಂಗಾತಿ ಸತ್ತರೆ ಸಾಯುವುದೇ ಪ್ರೀತಿಯ ಅಳತೆ ಎಂಬ ಅರ್ಥ ಹದಿಹರೆಯದವರ ಪುಸ್ತಕದಲ್ಲಿ ಬರಬಾರದು. ಅವನು ಕೆರೆಗೆ ಇಳಿಯಲಿ, ಬಟ್ಟಲು ಹುಡುಕಲಿ, ಮೇಲೆ ಬರಲಿ. ಮೇಲೆ ಬಂದ ಮಗನನ್ನು ಅಪ್ಪ ಎದುರಿಸಬೇಕಲ್ಲ, ಕಥೆಗೆ ಅದು ಸಾವಿಗಿಂತ ಕಷ್ಟದ ದೃಶ್ಯ. ಅವನಿಗೆ ಬೀಳುವ ಕೆಟ್ಟ ಕನಸನ್ನು ಬೇಕಾದರೆ ಉಳಿಸಿಕೊಳ್ಳಿ, ಕನಸು ಪವಾಡವಲ್ಲ. ಕೆರೆಯ ಪೂಜೆ, ಅಲ್ಲಿ ಎಲ್ಲರೂ ಕೂತು ಉಣ್ಣುವುದು, ತವರಿನ ಸುಳ್ಳು, ಬಟ್ಟಲು ಇವನ್ನು ಮುಟ್ಟಬೇಡಿ. ಬಟ್ಟಲನ್ನು ಕಂಚಿನದು ಮಾಡಿ. ಬರದ ವರ್ಷ, ಸಾಲದ ಮನೆ, ಬಂಗಾರ ಎಲ್ಲಿಂದ ಬರಬೇಕು? ಬೀಸುಕಲ್ಲಿನ ಮುಂದೆ ಹಾಡು ಹುಟ್ಟುವಾಗ ಕಂಚು ಬಂಗಾರವಾಯಿತು, ಇಪ್ಪತ್ತು ನಿಮಿಷ ಐದು ಮೆಟ್ಟಿಲಾಯಿತು ಎಂದು ತೋರಿಸಬಹುದು. ಆದರೆ ‘ಹೀಗೆ ದಂತಕಥೆ ಹುಟ್ಟಿತು’ ಎಂಬುದನ್ನು ಕೊನೆಯ ಪುಟಕ್ಕೆ ಇಡಬೇಡಿ, ಅದು ಸವೆದ ದಾರಿ. ನಡುವೆಯೇ ಇಡಿ, ಗೆಳತಿ ಆ ಹಾಡು ಕೇಳಿ ಸಿಟ್ಟಾಗಲಿ.

ಅಂದರೆ ಹಾರ ಕಾದಂಬರಿಯ ಕೊನೆಯಲ್ಲಿ ಬರಬಾರದು. ಒಟ್ಟು 35,000 ಪದ ಇಟ್ಟುಕೊಳ್ಳಿ, ಡೆಮಿ ಅಳತೆಯಲ್ಲಿ ನೂರೈವತ್ತು ಪುಟದ ಆಸುಪಾಸು. 1,600 ಪದಗಳ 22 ಅಧ್ಯಾಯಗಳಾದರೆ ಸಾವು 11 ಅಥವಾ 12ನೆಯದರಲ್ಲಿ. ಆಮೇಲೆ ಏನು ಎಂದು ಕೇಳಬೇಡಿ, ಅಲ್ಲಿಂದಲೇ ಕಥೆ ಬಿಗಿಯಾಗುತ್ತದೆ. ಕೆರೆ ತುಂಬಿತು, ಅಚ್ಚುಕಟ್ಟಿನಲ್ಲಿ ಭತ್ತ ನಾಟಿಯಾಯಿತು. ಊರು ವರ್ಷಗಳ ನಂತರ ಅನ್ನ ಉಂಡಿತು, ಗೆಳತಿಯೂ ಉಂಡಳು. ರುಚಿಯಾಗಿಯೇ ಇತ್ತು ಎಂದು ಅವಳು ಬರೆಯಬೇಕು, ಸುಳ್ಳು ಹೇಳಬಾರದು. ಆದರೆ ಏರಿಯಡಿಯ ಸೋರಿಕೆ ಹಾಗೇ ಇದೆಯಲ್ಲ. ಮಕರ ಸಂಕ್ರಾಂತಿಯ ಹೊತ್ತಿಗೆ ಕೆರೆ ಮತ್ತೆ ತಳ ಕಾಣುತ್ತದೆ. ಜೋಯಿಸರು ಮತ್ತೆ ಹೊತ್ತಿಗೆ ತೆಗೆಯುತ್ತಾರೆ. ಅಷ್ಟರಲ್ಲಿ ಆ ಮನೆಗೆ ಹೊಸ ಕಿರಿಸೊಸೆಯಾಗಿ ಗೊತ್ತಾಗಿರುವವಳು ಗೆಳತಿಯ ತಂಗಿ.

ಈಗ ಸೋರಿಕೆ ಹುಡುಕುವುದು ಜೀವನ್ಮರಣದ ಪ್ರಶ್ನೆ, ಕೆರೆಯ ತಾಂತ್ರಿಕ ವಿವರಗಳನ್ನು ಮಕ್ಕಳು ಉಸಿರು ಬಿಗಿಹಿಡಿದು ಓದುತ್ತಾರೆ. ಏರಿಯ ಹೊರಮೈಯ ಬುಡದಲ್ಲಿ ನಡೆಯಬೇಕು. ಸುತ್ತ ಒಣಗಿದ್ದರೂ ಒಂದು ಕಡೆ ಹುಲ್ಲು ಹಸಿರಾಗಿದೆ, ಜೊಂಡು ಎದ್ದಿದೆ, ಕಾಲಿಟ್ಟರೆ ನೆಲ ಕುಸಿಯುತ್ತದೆ. ಜಿನುಗುವ ನೀರು ತಿಳಿಯಾಗಿದ್ದರೆ ಅವಸರವಿಲ್ಲ. ಕೆಂಪಾಗಿ, ಕದಡಿ ಬರುತ್ತಿದ್ದರೆ ನೀರು ಏರಿಯ ಮಣ್ಣನ್ನೇ ಹೊತ್ತು ತರುತ್ತಿದೆ, ಒಳಗೆ ಕೊಳವೆ ಕೊರೆಯುತ್ತಿದೆ, ಮುಂದಿನ ಮಳೆಗೆ ಏರಿ ಒಡೆಯಬಹುದು. ರಿಪೇರಿ ಆಗುವುದು ಕೆರೆ ಬತ್ತಿರುವಾಗ, ಒಳಮೈಯ ಬುಡದಲ್ಲಿ. ಗಡುಸು ನೆಲ ಸಿಗುವವರೆಗೆ ಉದ್ದಕ್ಕೆ ಕಂದಕ ತೋಡಿ, ಒಂದೊಂದು ಗೇಣು ಜೇಡಿ ಹಾಕಿ, ನೀರು ಚಿಮುಕಿಸಿ, ಎಮ್ಮೆ ಹಾಯಿಸಿ ತುಳಿಸಬೇಕು. ದಪ್ಪ ಪದರ ಒಂದೇ ಸಲ ಹಾಕಿದರೆ ಮೇಲೆ ಮಾತ್ರ ಗಟ್ಟಿಯಾಗಿ ಒಳಗೆ ಸಡಿಲ ಉಳಿಯುತ್ತದೆ. ಬರಿಯ ಎರೆಮಣ್ಣು ತುಂಬಿದರೆ ಬೇಸಿಗೆಗೆ ಬಿರುಕು ಬಿಡುತ್ತದೆ. ಮೊದಲ ಅಧ್ಯಾಯದ ಒಡ್ಡ ಮುದುಕ ಬೇಕಾಗುವುದು ಇಲ್ಲಿ. ಅವನ ಮಾತು ಅಂದೇ ಕೇಳಿದ್ದರೆ ಎಂದು ಯಾರೂ ಬಾಯಿಬಿಟ್ಟು ಹೇಳುವುದು ಬೇಡ, ಓದುಗ ತಾನೇ ಅಂದುಕೊಳ್ಳುತ್ತಾನೆ.

ಕೆರೆ ಎಷ್ಟು ನೆಲಕ್ಕೆ ಸಾಕು ಎಂಬುದರಲ್ಲೂ ಎಚ್ಚರ ಬೇಕು. ವರ್ಷಕ್ಕೆ 500 ಮಿಲಿಮೀಟರ್ ಮಳೆಯಾಗಿ ಹತ್ತರಲ್ಲೊಂದು ಪಾಲು ಹರಿದು ಬಂದರೆ, ಒಂದು ಚದರ ಕಿಲೋಮೀಟರ್ ಜಲಾನಯನದಿಂದ ಸಿಗುವುದು 50,000 ಘನ ಮೀಟರ್. ಹೆಕ್ಟೇರ್ ಭತ್ತಕ್ಕೆ 12,000 ಹಿಡಿದರೆ ನಾಲ್ಕು ಹೆಕ್ಟೇರ್, ಸುಮಾರು ಹತ್ತು ಎಕರೆ. ಆವಿಯಾಗುವುದು, ಇಂಗುವುದು ಕಳೆದರೆ ಇನ್ನೂ ಕಡಿಮೆ. ‘ಕಣ್ಣು ಹಾಯುವಷ್ಟು ಗದ್ದೆ’ ಎಂದು ಬರೆದರೆ ಕೆರೆ ಅಷ್ಟೇ ದೊಡ್ಡದಾಗಬೇಕು, ಏರಿಯ ಲೆಕ್ಕವೆಲ್ಲ ಬದಲಾಗುತ್ತದೆ. ಹತ್ತು ಎಕರೆ ಗದ್ದೆಗೆ ಒಬ್ಬ ಹುಡುಗಿ ಎಂಬುದು ಲೆಕ್ಕದಲ್ಲೇ ಕಾಣುವುದು ನಿಮಗೆ ಲಾಭ.

ಕಾಲದೋಷಗಳು ಹೆಚ್ಚಾಗಿ ಅಡುಗೆಮನೆಯಲ್ಲಿ ಸಿಕ್ಕಿಬೀಳುತ್ತವೆ. 1400ರ ಸುಮಾರಿನಲ್ಲಿ ಮೆಣಸಿನಕಾಯಿ, ಟೊಮ್ಯಾಟೊ, ಆಲೂಗಡ್ಡೆ, ಶೇಂಗಾ, ಮೆಕ್ಕೆಜೋಳ, ಹೊಗೆಸೊಪ್ಪು ಯಾವುದೂ ಇಲ್ಲ, ಎಲ್ಲವೂ ಅಮೆರಿಕ ಖಂಡದಿಂದ ಆಮೇಲೆ ಬಂದವು. ಖಾರಕ್ಕೆ ಕರಿಮೆಣಸು, ಹಿಪ್ಪಲಿ, ಶುಂಠಿ. ಎಣ್ಣೆ ಎಳ್ಳು, ಕುಸುಬೆಯದು. ಜೋಳದ ರೊಟ್ಟಿ, ತೊಗರಿ, ಹುರುಳಿ ನಿರಾತಂಕವಾಗಿ ಬರಲಿ. ಕೆರೆಯಂಗಳದಲ್ಲಿ ಬಳ್ಳಾರಿ ಜಾಲಿ ಬೆಳೆಸಬೇಡಿ, ಅದು ಇಲ್ಲಿಗೆ ಬಂದದ್ದು 19ನೆಯ ಶತಮಾನದಲ್ಲಿ. ಕರಿಜಾಲಿ ಇರಲಿ.

ಕೊನೆಗೆ ಮಾತು. ನಿರೂಪಣೆ ಸರಳ ಶಿಷ್ಟ ಕನ್ನಡದಲ್ಲಿ, ಸಂಭಾಷಣೆ ಆ ಸೀಮೆಯ ಆಡುಮಾತಿನಲ್ಲಿ ಇದ್ದರೆ ದಕ್ಷಿಣದ ಮಕ್ಕಳಿಗೂ ಎಡವಟ್ಟಾಗದು. ಕ್ರಿಯಾಪದದ ಕೊನೆ, ಸಂಬಂಧವಾಚಕ ಇಷ್ಟು ಬದಲಾದರೆ ಸಾಕು, ಪ್ರತಿ ಪದವನ್ನೂ ತಿರುಚಿದರೆ ನಾಟಕದ ಹಾಸ್ಯಪಾತ್ರವಾಗುತ್ತದೆ. ಸೊಸೆ ಮಾವನ ಎದುರು ನಿಂತು ವಾದ ಮಾಡುವುದಿಲ್ಲ, ಗಂಡನ ಹೆಸರು ಹೇಳುವುದಿಲ್ಲ, ಹೇಳಬೇಕಾದದ್ದನ್ನು ಅತ್ತೆಯ ಮೂಲಕ ದಾಟಿಸುತ್ತಾಳೆ. ‘ಮಾವನವರೇ, ಹೆಣ್ಣಿನ ಜೀವಕ್ಕೆ ಬೆಲೆಯೇ ಇಲ್ಲವೇ?’ ಎಂಬಂಥ ಮಾತು ಬರೆದಿದ್ದರೆ ಹೊಡೆದುಹಾಕಿ, ಈ ರೀತಿ ಬರೆದು ನೋಡಿ.

‘ಯತ್ತಿ, ನಾಳಿಗೆ ಎಷ್ಟು ಮಂದಿಗೆ ಅಡಿಗಿ?’

‘ನಮ್ಮನಿ ಮಂದಿಗೆ. ಒಂಬತ್ತು ಎಲಿ.’

‘ಹೋಗೂವಾಗ ಒಂಬತ್ತೋ, ಬರೂವಾಗ ಒಂಬತ್ತೋ?’

ಅತ್ತೆ ಉತ್ತರ ಕೊಡದೆ ಮೊರದಲ್ಲಿ ಕಾಳು ಕೇರುತ್ತಲೇ ಇರಲಿ. ಆರು ಅಧ್ಯಾಯಗಳನ್ನು ಗೆಳತಿಯ ಬಾಯಿಂದ ತಿದ್ದಿ ಬರೆದ ಮೇಲೆ ಅದೇ ಮಕ್ಕಳಿಗೆ ಕೊಡಿ. ಹೇಗಿದೆ ಎಂದು ಕೇಳಬೇಡಿ, ಪುಟ ಹಾರಿಸಿ ಓದಿದ ಕಡೆ ಪೆನ್ಸಿಲಿನಿಂದ ಗೆರೆ ಎಳೆಯಲು ಹೇಳಿ. ಇಬ್ಬರ ಗೆರೆ ಒಂದೇ ಕಡೆ ಬಿದ್ದರೆ ಆ ಪುಟ ಹೋಗಲಿ.